ಬಾನೆಟ್ ಕೆಳಗಿನ ಕನ್ನಡ

ನಿಮ್ಮ ಹಳೆಯ ಡೀಸೆಲ್ ಕಾರು ಹೆದ್ದಾರಿ ಹತ್ತುವಾಗ ಏದುಸಿರು ಬಿಡುತ್ತಿದೆಯೇ? ಹಿಂದೆ ಕಪ್ಪು ಹೊಗೆಯೇ? ಯೂಟ್ಯೂಬ್ ನೋಡಿ, ದೊಡ್ಡ ಟರ್ಬೊ ಹಾಕಿಸಿಬಿಡೋಣ ಅಂತ ಮನಸ್ಸಾಗಿದೆಯೇ? ಹಾಗಾದರೆ ಗ್ಯಾರೇಜಿಗೆ ಹೋಗುವ ಮುಂಚೆ ಮಗುವನ್ನು ಕಾರಿನ ಹತ್ತಿರ ಕರೆದು, ಟರ್ಬೊ ಅಂದರೇನು ಅಂತ ಕನ್ನಡದಲ್ಲೇ ಹೇಳಿ ನೋಡಿ.

ತಡವರಿಸುತ್ತೀರಿ, ಗೊತ್ತು. ನಮ್ಮ ಮನೆಗಳಲ್ಲಿ ಕನ್ನಡ ಸಾರು-ಪಲ್ಯ, ಅಜ್ಜಿಯ ವಿಡಿಯೊ ಕಾಲ್ ತನಕ ಬಂದು ನಿಲ್ಲುತ್ತದೆ. ಯಂತ್ರದ ಮಾತು ಬಂದ ಕೂಡಲೇ ಮಕ್ಕಳು ಡಚ್‌ಗೆ ಹಾರುತ್ತಾರೆ. 'ರೂಟ್‌ಫಿಲ್ಟರ್' ಅವರಿಗೆ ಗೊತ್ತು. ಅದರೊಳಗಿನ 'ರೂಟ್' ಅಂದರೆ ಅಜ್ಜಿಮನೆ ಒಲೆಯ ಪಾತ್ರೆಗೆ ಹಿಡಿಯುತ್ತಿದ್ದ ಅದೇ ಮಸಿ ಅಂತ ಗೊತ್ತಿಲ್ಲ.

ಹೀಗೆ ಹೇಳಿ: ಒಂದೇ ಕಡ್ಡಿಯ ಎರಡು ತುದಿಗೆ ಎರಡು ಗಿರಿಗಿಟ್ಲೆ. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಅದರ ಜೊತೆ ತಿರುಗುವ ಇನ್ನೊಂದು, ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಕಮ್ಮಾರ ತಿದಿ ಒತ್ತಿದಾಗ ಕೆಂಡ ನಿಗಿನಿಗಿ ಅನ್ನುವುದಿಲ್ಲವೇ, ಹಾಗೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಆ ಕಡ್ಡಿಯನ್ನು ಸವೆಯದಂತೆ ಕಾಯುವುದು ಎಣ್ಣೆಯ ಒಂದು ತೆಳು ಪದರ.

"ಗಿರಿಗಿಟ್ಲೆ ದೊಡ್ಡದಾದ್ರೆ ತಿರುಗೋಕೆ ಲೇಟ್ ಆಗಲ್ವಾ?" ಅಂತ ಮಗು ಕೇಳಿದರೆ ಬೆನ್ನು ತಟ್ಟಿ. ಲೇಟ್ ಆಗುತ್ತದೆ. ಕಾಲು ಒತ್ತಿದ ಮೇಲೆ ಶಕ್ತಿ ಬರಲು ಒಂದು ಕ್ಷಣ ಕಾಯಬೇಕು. ಗಾಳಿ ಮಾತ್ರ ಹೆಚ್ಚಾದರೆ ಸಾಲದು, ಡೀಸೆಲ್ಲೂ ಹೆಚ್ಚಬೇಕು. ಅಂದರೆ ಇಂಜೆಕ್ಟರ್, ಸಾಫ್ಟ್‌ವೇರ್, ಆಮೇಲೆ ಕ್ಲಚ್. ಬಿಲ್ಲು ಕಾರಿನ ಬೆಲೆಯನ್ನೇ ದಾಟಬಹುದು. ಎಷ್ಟೋ ಸಲ ನಿಜವಾದ ಕಾಯಿಲೆ ಬಿರುಕು ಬಿಟ್ಟ ಗಾಳಿ ಪೈಪು, ಇಲ್ಲವೇ ಮಸಿ ಕಟ್ಟಿ ಅಂಟಿಕೊಂಡ ಟರ್ಬೊದ ರೆಕ್ಕೆಗಳು. ಟರ್ಬೊ ನಿಜಕ್ಕೂ ಸತ್ತಿದ್ದರೆ ಅದೇ ಅಳತೆಯ ರೀಕಂಡೀಷನ್ ಮಾಡಿದ್ದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಎಣ್ಣೆ ಪೈಪನ್ನೂ ಬದಲಿಸಲು ಹೇಳಿ. ಅದು ಕಟ್ಟಿಕೊಂಡೇ ಇದ್ದರೆ ಹೊಸದೂ ಬೇಗ ಸಾಯುತ್ತದೆ.

ಇಲ್ಲಿನ ಕಾನೂನೂ ನೆನಪಿರಲಿ. 2023ರ ಜನವರಿಯಿಂದ ಎಪಿಕೆ ತಪಾಸಣೆಯಲ್ಲಿ, ಫಿಲ್ಟರ್ ಇರುವ ಡೀಸೆಲ್ ಕಾರುಗಳ ಹೊಗೆಯ ಕಣಗಳನ್ನು ಎಣಿಸುತ್ತಾರೆ. ಒಂದು ಘನ ಸೆಂಟಿಮೀಟರಿಗೆ 10 ಲಕ್ಷ ದಾಟಿದರೆ ಫೇಲ್. ಇನ್ನು ಎಂಥ ಟರ್ಬೊ ಹಾಕಿದರೂ ಯೂರೋ 4 ಕಾರು ಯೂರೋ 5 ಆಗುವುದಿಲ್ಲ. 2025ರಿಂದ ಆಮ್‌ಸ್ಟರ್‌ಡ್ಯಾಮಿನ ಪರಿಸರ ವಲಯದೊಳಗೆ ಅದಕ್ಕೆ ಪ್ರವೇಶವಿಲ್ಲ.

ಮಗುವಿಗೆ ರುಚಿ ಹತ್ತಿದರೆ ಒಂದು ಭಾನುವಾರ ಐಂಡ್‌ಹೋವನ್‌ನ ಡಾಫ್ ಮ್ಯೂಸಿಯಂಗೆ ಕರೆದೊಯ್ಯಿರಿ. 1928ರಲ್ಲಿ ಹುಬ್ ವಾನ್ ಡೋರ್ನ ಶುರುಮಾಡಿದ ಈ ಕಂಪನಿ 1973ರಲ್ಲೇ ತನ್ನ 2800 ಲಾರಿಯಲ್ಲಿ ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗೆ ಮಾಡಿ ಎಂಜಿನ್ನಿಗೆ ಕೊಟ್ಟಿತು. ತಣ್ಣಗಿನ ಗಾಳಿ ಅಷ್ಟೇ ಜಾಗದಲ್ಲಿ ಹೆಚ್ಚು ಹಿಡಿಸುವುದು ಯಾಕೆ ಅಂತ ದಾರಿಯಲ್ಲಿ ಕೇಳಿ.

ಗ್ಯಾರೇಜಿನಲ್ಲಿ ಪ್ರಶ್ನೆಗಳನ್ನು ಮಗುವೇ ಡಚ್‌ನಲ್ಲಿ ಕೇಳಲಿ, ಮೆಕ್ಯಾನಿಕ್ ಹೇಳಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳಲಿ. ದುಡ್ಡಿನ ಮಾತು ಮಾತ್ರ ನೀವೇ ಆಡಿ.