ಅಪ್ರೆಂಟಿಸ್‌ಶಿಪ್: ದುಡಿಯುತ್ತಾ ಕಲಿಯುವ ಹಾದಿಗೆ ಸಂಘ-ಸಂಸ್ಥೆಗಳ ಬೆಂಬಲ ಬೇಕು

ಮುಂಬಯಿ: ಹಗಲು ಹೊಟೇಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ತುಳು-ಕನ್ನಡಿಗರಿಗೆ ದುಡಿಯುತ್ತಾ ಕಲಿಯುವುದು ಹೊಸ ಮಾತೇನಲ್ಲ. ಲೋಟ ತೊಳೆಯುವಲ್ಲಿಂದ ಗಲ್ಲಾಪೆಟ್ಟಿಗೆಯವರೆಗೆ ಏರಿದವರು ಎಷ್ಟೋ ಮಂದಿ. ಆದರೆ ಆ ಕಲಿಕೆಗೆ ಒಪ್ಪಂದವಿರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಧಣಿ ಒಳ್ಳೆಯವರಾದರೆ ಹುಡುಗ ಗೆದ್ದ. ಇಲ್ಲವಾದರೆ ಇದ್ದಲ್ಲೇ ಉಳಿದ.

ಈ ಕೊರತೆಯನ್ನು ನೀಗಿಸಬಲ್ಲದ್ದು 1961ರ ಅಪ್ರೆಂಟಿಸ್ ಕಾಯ್ದೆ. ಇದರಡಿ ತರಬೇತಿಗೆ ಲಿಖಿತ ಒಪ್ಪಂದ, ನಿಗದಿತ ಅವಧಿ, ಮಾಸಿಕ ಭತ್ತೆ, ಕೊನೆಗೆ ಪರೀಕ್ಷೆ ಹಾಗೂ ರಾಷ್ಟ್ರೀಯ ಪ್ರಮಾಣಪತ್ರವಿದೆ. 2019ರ ನಿಯಮವು ಕನಿಷ್ಠ ಭತ್ತೆಯನ್ನು ವಿದ್ಯಾರ್ಹತೆಗನುಸಾರ 5,000ದಿಂದ 9,000 ರೂಪಾಯಿವರೆಗೆ ನಿಗದಿಪಡಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು ಇದನ್ನು ಶೇ. 36ರಷ್ಟು ಏರಿಸಲು ಶಿಫಾರಸು ಮಾಡಿತು.

ಮಹಾನಗರದಲ್ಲಿ ಅವಕಾಶಗಳಿಗೆ ಕೊರತೆಯಿಲ್ಲ. ಮಝಗಾಂವ್ ಡಾಕ್‌ನ ತರಬೇತಿ ಶಾಲೆ ಎಂಟನೇ, ಹತ್ತನೇ ತರಗತಿ ಹಾಗೂ ಐಟಿಐ ಮುಗಿಸಿದವರನ್ನು ಪ್ರತ್ಯೇಕ ಗುಂಪುಗಳಲ್ಲಿ ಸೇರಿಸಿಕೊಳ್ಳುತ್ತಾ ಬಂದಿದೆ. ಮಧ್ಯ ಮತ್ತು ಪಶ್ಚಿಮ ರೈಲ್ವೆಯ ವರ್ಕ್‌ಶಾಪ್‌ಗಳಿಗೆ ಐಟಿಐ ಅಗತ್ಯ. ಅಲ್ಲಿ ತರಬೇತಿ ಮುಗಿಸಿದವರಿಗೆ ರೈಲ್ವೆಯ ಲೆವೆಲ್-1 ನೇಮಕಾತಿಯಲ್ಲಿ ಶೇ. 20ರಷ್ಟು ಸ್ಥಾನ ಮೀಸಲಿದೆ. ಪರೀಕ್ಷೆ ಮಾತ್ರ ಬರೆಯಲೇಬೇಕು.

ಆದರೆ ಹೆತ್ತವರು ಒಂದು ಮಾತು ತಿಳಿದಿರಬೇಕು. ಅಪ್ರೆಂಟಿಸ್ ಎಂದರೆ ನೌಕರನಲ್ಲ, ತರಬೇತಿ ಪಡೆಯುವವ. ತರಬೇತಿ ಮುಗಿದ ಬಳಿಕ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಕಾಯ್ದೆಯಲ್ಲಿ ಸಾಮಾನ್ಯವಾಗಿ ಇಲ್ಲ. ಒಪ್ಪಂದವು ಸರಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ನೋಂದಣಿಯಿಲ್ಲದ ‘ಟ್ರೈನಿ’ ಕೆಲಸ ಬರೇ ಅಗ್ಗದ ದುಡಿಮೆಯಾಗಿ ಮುಗಿಯುವ ಅಪಾಯವಿದೆ.

ನಮ್ಮವರು ಈ ವಿಷಯದಲ್ಲಿ ಉದ್ಯೋಗಾರ್ಥಿಗಳು ಮಾತ್ರವಲ್ಲ, ಉದ್ಯೋಗದಾತರೂ ಹೌದು. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಸೇರಿಸಿಕೊಳ್ಳಬೇಕೆಂಬುದು ನಿಯಮ. ನಾಲ್ಕರಿಂದ 29 ಮಂದಿಯಿದ್ದಲ್ಲಿ ಅದು ಐಚ್ಛಿಕ. ಅಡುಗೆ, ಬಡಿಸುವಿಕೆಯ ಕೆಲಸಗಳಿಗೂ ತರಬೇತಿ ಇರುವುದರಿಂದ ಹೊಟೇಲುಗಳೂ ಮುಂದೆ ಬರಬಹುದು. ಭತ್ತೆಯ ಶೇ. 25, ಗರಿಷ್ಠ 1,500 ರೂಪಾಯಿಯನ್ನು ಸರಕಾರ ಭರಿಸುವ ಯೋಜನೆ 2016ರಲ್ಲೇ ಆರಂಭವಾಗಿದೆ.

ಹೆಚ್ಚು ಅಂಕ ಗಳಿಸಿದವರಿಗೆ ಪ್ರತಿಭಾ ಪುರಸ್ಕಾರ ನೀಡುವುದು ಸ್ತುತ್ಯರ್ಹ. ಅದೇ ವೇದಿಕೆಯಲ್ಲಿ ಐವತ್ತು ಅಂಕದ ಹುಡುಗನಿಗೆ ಅರ್ಜಿ ತುಂಬಿಸಿಕೊಡುವ ಒಂದು ಮೇಜಿಗೂ ಜಾಗ ಸಿಕ್ಕಿದರೆ ಆ ಮನೆಯ ಒಲೆಗೂ ಆಸರೆಯಾದೀತು.