ಉಸ್ತುವಾರಿ ಬೇರೆ, ಯಜಮಾನಿಕೆ ಬೇರೆ

ಹತೋಟಿ, ಹಿಡಿತ, ನಿಯಂತ್ರಣ, ಅಂಕುಶ, ಕಡಿವಾಣ, ಉಸ್ತುವಾರಿ. ಪೇಪರಿನವರು, ಸಾಹೇಬರು ಇವೆಲ್ಲ ಒಂದೇ ಅನ್ನುವ ಹಾಗೆ ಮಾತಾಡ್ತಾರೆ. ಒಂದೇ ಅಲ್ಲ ಅಂತ ಹೊಲ-ಮನೆ ಇರುವವರಿಗೆ ಗೊತ್ತು.

ಅಂಕುಶ ಆನೆಗೆ, ಕಡಿವಾಣ ಕುದುರೆಗೆ, ಮೂಗುದಾರ ಎತ್ತಿಗೆ. ಹತೋಟಿ ಅಂದರೆ ಬೆಳೆಗೆ ಬಿದ್ದ ರೋಗ ಕೈಮೀರದಂತೆ ತಡೆಯುವುದು. ಉಸ್ತುವಾರಿ ಇದ್ಯಾವುದೂ ಅಲ್ಲ. ಯಜಮಾನ ಊರಲ್ಲಿ ಇಲ್ಲದಾಗ ತೋಟ ನೋಡಿಕೊಳ್ಳುವವನದು ಉಸ್ತುವಾರಿ. ನೀರು ಬಿಡಬಹುದು, ಕಾಯಿ ಕೀಳಿಸಬಹುದು. ಯಜಮಾನ ಬಂದ ದಿನ ಲೆಕ್ಕ ಒಪ್ಪಿಸಬೇಕು. ತೋಟ ಮಾತ್ರ ಅವನದಾಗುವುದಿಲ್ಲ.

ಈಗ ನಮ್ಮ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ನೋಡಿ. 2016ರಲ್ಲಿ ನಾವು ಆರಿಸಿ ಕಳಿಸಿದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ಆಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ದಿನ ತಳ್ಳಿದರು. 2023ರಲ್ಲಿ ಸರ್ಕಾರ ಬದಲಾಯಿತು, ಇದು ಬದಲಾಗಲಿಲ್ಲ. 2024 ಕಳೆದರೂ ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿಗಳೇ ಕೂತಿದ್ದರು.

'ಕೆಲಸ ನಿಂತಿಲ್ಲವಲ್ಲ, ಸದಸ್ಯರಿದ್ದರೆ ಬರೀ ಜಗಳ, ಕಮಿಷನ್ನು' ಅನ್ನುವವರು ನಮ್ಮ ಊರುಗಳಲ್ಲೇ ಇದ್ದಾರೆ. ಜಗಳ ಇದೆ, ಕಮಿಷನ್ನೂ ಇದೆ. ಆದರೆ ತಿಂದ ಸದಸ್ಯನನ್ನು ಮುಂದಿನ ಸಲ ಸೋಲಿಸಬಹುದು. ಅವನ ಮನೆ ಬಾಗಿಲಿಗೆ ಹೋಗಿ ಕೇಳಬಹುದು. ಅಧಿಕಾರಿಯನ್ನು ಸೋಲಿಸುವುದು ಹೇಗೆ? ವರ್ಗಾವಣೆ ಆದ ಮೇಲೆ ಹುಡುಕುವುದು ಎಲ್ಲಿ? ಶಾಲೆಯ ಸೂರು ಸೋರಿದರೆ, ಆರೋಗ್ಯ ಕೇಂದ್ರಕ್ಕೆ ಡಾಕ್ಟರ್ ಬರದಿದ್ದರೆ ಸಭೆಯಲ್ಲಿ ಎದ್ದು ನಿಂತು ಕೇಳಲು ನಮ್ಮ ಕಡೆಯ ಒಬ್ಬರೂ ಅಲ್ಲಿಲ್ಲ.

ಆರು ತಿಂಗಳು ನೋಡಿಕೊಂಡರೆ ಅದು ಉಸ್ತುವಾರಿ. ಆರಿಸಿದವರಿಗೆ ಲೆಕ್ಕ ಕೊಡದೆ ವರ್ಷಗಟ್ಟಲೆ ಕೂತರೆ ಅದು ಹಿಡಿತ. ಅದಕ್ಕೆ 'ಆಡಳಿತ' ಅಂತ ಒಳ್ಳೆ ಹೆಸರು ಇಡುವುದು ಬೇಡ.

ಜಿಲ್ಲೆಗೊಬ್ಬರು ಉಸ್ತುವಾರಿ ಸಚಿವರಿದ್ದಾರೆ. ಆ ಹೆಸರು ಸರಿಯಾಗಿಯೇ ಇದೆ. ಯಜಮಾನರು ಬೇರೆ ಇದ್ದಾರೆ ಅಂತ ಆ ಹೆಸರೇ ಹೇಳುತ್ತದೆ. ಆ ಯಜಮಾನರು ನಾವು, ವೋಟು ಹಾಕುವವರು.

ಅದಕ್ಕೇ ಗ್ರಾಮಸಭೆಗೆ ಸಹಿ ಹಾಕಿ ವಾಪಸ್ ಬರಬೇಡಿ. ನಮಗೆ ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಸದಸ್ಯರು ಬೇಕು, ಚುನಾವಣೆ ಯಾವಾಗ ಅಂತ ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿಕೊಂಡು ಎದ್ದು ಬನ್ನಿ. ಯಜಮಾನ ಕೇಳದಿದ್ದರೆ ತೋಟ ನೋಡಿಕೊಳ್ಳುವವನು ತಾನಾಗಿ ಲೆಕ್ಕ ತರುವುದಿಲ್ಲ.