ಏಕಪಕ್ಷೀಯ ಬೇಸ್‌ಬಾಲ್ ಪಂದ್ಯ ಬೇಗ ಮುಗಿಯಬೇಕೇ?

ಬೇಸ್‌ಬಾಲ್ ಗಡಿಯಾರ ನೋಡಿ ಮುಗಿಯುವ ಆಟವಲ್ಲ. ಒಂಬತ್ತು ಇನಿಂಗ್ಸ್‌ಗಳ ಪಂದ್ಯದಲ್ಲಿ ಹಿಂದೆ ಬಿದ್ದ ತಂಡದ 27ನೇ ಔಟ್ ಬೀಳುವವರೆಗೂ ಆಟ ಸಾಗುತ್ತದೆ. ರನ್ ಅಂತರ ವಿಪರೀತವಾದಾಗ ಅದನ್ನು ಮೊದಲೇ ನಿಲ್ಲಿಸುವ ನಿಯಮಕ್ಕೆ ‘ಮರ್ಸಿ ರೂಲ್’ ಎಂದು ಹೆಸರು. ಲಿಟಲ್ ಲೀಗ್‌ನ ಮಕ್ಕಳ ಪಂದ್ಯ ಆರು ಇನಿಂಗ್ಸ್‌ಗಳದ್ದು; ಅದು ಮೂರು ಇನಿಂಗ್ಸ್ ಬಳಿಕ 15, ನಾಲ್ಕರ ಬಳಿಕ 10 ರನ್ ಅಂತರವಿದ್ದರೆ ಮುಗಿಯುತ್ತದೆ. ರಾಷ್ಟ್ರೀಯ ತಂಡಗಳ ಟೂರ್ನಿಯಾದ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಗುಂಪು ಹಂತದಲ್ಲಿ ಈ ಮಿತಿ ಐದರ ಬಳಿಕ 15, ಏಳರ ಬಳಿಕ 10 ರನ್. ಅಮೆರಿಕದ ಮೇಜರ್ ಲೀಗ್‌ನಲ್ಲಿ ಇಂಥ ನಿಯಮವಿಲ್ಲ.

ಪರ

ಎದುರಾಳಿಯ ಮೂವರನ್ನು ಔಟ್ ಮಾಡದೆ ಫೀಲ್ಡಿಂಗ್ ತಂಡಕ್ಕೆ ಬಿಡುಗಡೆಯಿಲ್ಲ. ಆ ಶಕ್ತಿಯೇ ಇಲ್ಲದ ತಂಡದ ಪಾಡೇನೆಂಬುದು 1998ರಲ್ಲಿ ಜಪಾನಿನ ಅವೊಮೊರಿ ಪ್ರಾಂತ್ಯದ ಹೈಸ್ಕೂಲ್ ಟೂರ್ನಿಯಲ್ಲಿ ಕಂಡಿತು. ಮೊದಲ ಇನಿಂಗ್ಸ್‌ನಲ್ಲೇ 39 ರನ್ ಬಿಟ್ಟುಕೊಟ್ಟ ಫುಕೌರಾ ಶಾಲೆ 122–0ರಿಂದ ಸೋತಿತು. ಆಟ ನಿಂತದ್ದು ಏಳು ಇನಿಂಗ್ಸ್‌ಗಳ ನಂತರ. ಈಗ ಅಲ್ಲಿನ ಪ್ರಾಂತೀಯ ಪಂದ್ಯಗಳಲ್ಲಿ ಐದು ಇನಿಂಗ್ಸ್‌ಗೆ 10 ರನ್ ಅಂತರವಾದರೆ ಸಾಕು.

ಎರಡನೆಯದು ಚೆಂಡೆಸೆಯುವ ಪಿಚರ್‌ಗಳ ತೋಳಿನ ಪ್ರಶ್ನೆ. ಲಿಟಲ್ ಲೀಗ್‌ನಲ್ಲಿ 11–12 ವರ್ಷದ ಮಕ್ಕಳು ದಿನಕ್ಕೆ 85ಕ್ಕಿಂತ ಹೆಚ್ಚು ಎಸೆತ ಎಸೆಯುವಂತಿಲ್ಲ. ಸೋತೇ ಹೋದ ಪಂದ್ಯದಲ್ಲಿ ಎಲ್ಲ ಪಿಚರ್‌ಗಳೂ ಬಳಲಿದರೆ ಮುಂದಿನ ಪಂದ್ಯಕ್ಕೆ ಯಾರೂ ಉಳಿಯುವುದಿಲ್ಲ. 2009ರ ಕ್ಲಾಸಿಕ್‌ನಲ್ಲಿ ಜಪಾನ್ ಎದುರು 14–2ರಿಂದ ಏಳೇ ಇನಿಂಗ್ಸ್‌ಗಳಲ್ಲಿ ಸೋತ ದಕ್ಷಿಣ ಕೊರಿಯಾ, ಎರಡು ದಿನಗಳ ಬಳಿಕ ಅದೇ ತಂಡವನ್ನು 1–0ರಿಂದ ಮಣಿಸಿತು.

ಮೇಜರ್ ಲೀಗ್‌ನಲ್ಲೂ 8 ರನ್ ಹಿಂದಿರುವ ತಂಡ ಪಿಚರ್ ಅಲ್ಲದವರಿಂದ ಎಸೆತ ಹಾಕಿಸಬಹುದು. ಅಂಥ ಹೊತ್ತಿಗೆ ನಿಜವಾದ ಪೈಪೋಟಿ ಮುಗಿದಿರುತ್ತದೆ.

ವಿರೋಧ

ಕೊನೆಯ ಔಟ್ ಬೀಳುವವರೆಗೂ ಗೆಲ್ಲುವ ಅವಕಾಶವಿರುವುದೇ ಈ ಆಟದ ಜೀವಾಳ. 2001ರ ಆಗಸ್ಟ್ 5ರಂದು ಸಿಯಾಟಲ್ ಮ್ಯಾರಿನರ್ಸ್ ಎದುರು 14–2ರಿಂದ ಹಿಂದಿದ್ದ ಕ್ಲೀವ್‌ಲ್ಯಾಂಡ್ ತಂಡ ಏಳನೇ ಇನಿಂಗ್ಸ್‌ನಲ್ಲಿ 3, ಎಂಟರಲ್ಲಿ 4, ಒಂಬತ್ತರಲ್ಲಿ 5 ರನ್ ಗಳಿಸಿ ಸಮ ಮಾಡಿತು. ಹನ್ನೊಂದನೇ ಇನಿಂಗ್ಸ್‌ನಲ್ಲಿ 15–14ರಿಂದ ಗೆದ್ದಿತು. ಆ ಋತುವಿನಲ್ಲಿ ಮ್ಯಾರಿನರ್ಸ್ ಗೆದ್ದದ್ದು 116 ಪಂದ್ಯ. ಹಿಂದಿಕ್ಕಿದ್ದು ಸಾಮಾನ್ಯ ತಂಡವನ್ನಲ್ಲ.

ಬೆಂಚಿನಲ್ಲಿ ಕಾದವರಿಗೆ ಬ್ಯಾಟ್ ಹಿಡಿಯುವ ಸರದಿ ಬರುವುದೂ ಇಂಥ ಪಂದ್ಯಗಳ ಕೊನೆಯ ಇನಿಂಗ್ಸ್‌ಗಳಲ್ಲೇ. ಆಟ ನಿಂತರೆ ಮೊದಲು ಕಳೆದುಹೋಗುವುದು ಅವರ ಅವಕಾಶ. ಅರ್ಧಕ್ಕೆ ಮನೆಗೆ ಕಳುಹಿಸುವುದು ಕರುಣೆಯಲ್ಲ, ಸೋಲಿಗಿಂತ ದೊಡ್ಡ ಅವಮಾನ ಎನ್ನುವ ಆಟಗಾರರೂ ಇದ್ದಾರೆ. ವೃತ್ತಿಪರ ಆಟದಲ್ಲಿ ಪೂರ್ಣ ಪಂದ್ಯಕ್ಕೆಂದು ಟಿಕೆಟ್ ಕೊಂಡ ಪ್ರೇಕ್ಷಕನ ಹಕ್ಕೂ ಸೇರುತ್ತದೆ.

ಮಿತಿ ಎಲ್ಲಿರಬೇಕು?

ಕ್ಲೀವ್‌ಲ್ಯಾಂಡ್ ಪಂದ್ಯದಲ್ಲಿ ಅಂತರ ಐದು ಇನಿಂಗ್ಸ್ ಬಳಿಕ 12, ಏಳರ ಬಳಿಕ 9 ರನ್. ಐದಕ್ಕೆ 10 ರನ್ ಎಂಬ ಶಾಲಾ ಮಿತಿ ಅದನ್ನು ನಿಲ್ಲಿಸಿಬಿಡುತ್ತಿತ್ತು. ಕ್ಲಾಸಿಕ್‌ನ ಮಿತಿ ನಿಲ್ಲಿಸುತ್ತಿರಲಿಲ್ಲ. ಬೆಳೆಯುವ ಮಕ್ಕಳ ತೋಳಿಗೂ ಮನಸ್ಸಿಗೂ ಬಿಗಿಯಾದ ಮಿತಿ ಬೇಕು. ದೊಡ್ಡವರ ಆಟದಲ್ಲಿ ಮಿತಿ ಇರುವುದಾದರೆ, ಚೇತರಿಕೆಗೆ ಜಾಗ ಉಳಿಸುವಷ್ಟು ಸಡಿಲವಾಗಿರಬೇಕು.